ಮಾತ್ರೆಯ ಮೇಲಿನ ಮೊಟ್ಟೆ

ನನ್ನ ನಾಲಿಗೆ ಚುರುಕು ಎಂದು ಊರಿನಲ್ಲೂ ಹೇಳುತ್ತಿದ್ದರು, ಮುಂಬಯಿಗೆ ಬಂದ ಮೇಲೂ ಹೇಳಿದರು. ಅದು ಹೊಗಳಿಕೆ ಎಂದೇ ಬಹಳ ಕಾಲ ನಂಬಿಕೊಂಡಿದ್ದೆ. ಎಲುಬಿಲ್ಲದ ನಾಲಿಗೆ ಎಂದು ಹಿರಿಯರು ಯಾಕೆ ಬೈಯುತ್ತಿದ್ದರೆಂದು ಆಗ ಯೋಚಿಸಲಿಲ್ಲ. ಆ ನಾಲಿಗೆಯಿಂದ ಒಬ್ಬರನ್ನು ಸಾವಿನ ಬಾಗಿಲವರೆಗೆ ಕಳಿಸಿದ ಕತೆಯನ್ನು ನಾನು ಹೆಂಡತಿಗೂ ಪೂರ್ತಿ ಹೇಳಿಲ್ಲ. ಹೇಳಲು ಹೊರಟಾಗಲೆಲ್ಲ ನಡುವೆ ಎಲ್ಲೋ ನನಗೆ ಅನುಕೂಲವಾಗುವಂತೆ ತಿರುಗಿಸಿಬಿಡುತ್ತಿದ್ದೆ. ಇಲ್ಲಿ ತಿರುಗಿಸದೆ ಬರೆಯಲು ನೋಡುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ದಾದರ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುತ್ತಿದ್ದ ಒಂದು ಉಡುಪಿ ಹೊಟೇಲಿನಲ್ಲಿ ನಾನು ಮ್ಯಾನೇಜರ್. ಇಪ್ಪತ್ತಮೂರು ವರ್ಷ, ಮೆಟ್ರಿಕ್ ಪಾಸು. ಇಡೀ ಹೊಟೇಲಿನಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವನು ನಾನೊಬ್ಬನೇ. ಧಣಿಗಳಿಗೂ ಬರುತ್ತಿರಲಿಲ್ಲ. ಮುನಿಸಿಪಾಲಿಟಿಯ ನೋಟಿಸು, ರೇಷನ್ ಆಫೀಸಿನ ಕಾಗದ, ಯಾರಿಗೋ ಊರಿನಿಂದ ಬಂದ ತಂತಿ, ಎಲ್ಲವೂ ನನ್ನ ಕೌಂಟರಿಗೇ ಬರಬೇಕು. ನಾನು ಓದಿ ಹೇಳಿದ್ದೇ ಅದರಲ್ಲಿ ಬರೆದದ್ದು. ಅದರ ಸೊಕ್ಕು ನನಗೆ ಸಾಕಷ್ಟು ಇತ್ತು.

ಅಡುಗೆಮನೆಯ ಯಜಮಾನಿಕೆ ಮಾತ್ರ ಭಟ್ಟರದು. ಉಡುಪಿಯ ಹತ್ತಿರದ ಹಳ್ಳಿಯವರು, ಐವತ್ತು ದಾಟಿತ್ತು, ಮೂವತ್ತು ವರ್ಷ ಮುಂಬಯಿಯ ಒಲೆಗಳ ಮುಂದೆಯೇ ನಿಂತವರು. ಬೆಳಿಗ್ಗೆ ತಣ್ಣೀರು ಸ್ನಾನ, ಒದ್ದೆ ಪಂಚೆ, ಗೂಡಿನಲ್ಲಿದ್ದ ಕೃಷ್ಣನ ಪಟಕ್ಕೆ ಮೊದಲ ಹಬೆಯ ಇಡ್ಲಿಯ ನೈವೇದ್ಯ. ಅದಾಗುವವರೆಗೆ ಹೊಸ್ತಿಲು ದಾಟಿ ಯಾರೂ ಒಳಗೆ ಹೋಗುವಂತಿಲ್ಲ. ಬೆಳಗಿನ ಗಿರಾಕಿಗಳ ಗದ್ದಲ ಮುಗಿದು ಹನ್ನೊಂದು ಗಂಟೆ ಆಗುವವರೆಗೆ ಅವರು ಒಂದು ತುತ್ತು ತಿನ್ನುವವರಲ್ಲ. ನೈವೇದ್ಯಕ್ಕೆ ಮೊದಲು ರುಚಿ ನೋಡುವುದಂತೂ ಇಲ್ಲವೇ ಇಲ್ಲ. ನೈವೇದ್ಯ ಆದ ಮೇಲೂ ಅಡುಗೆ ಮಾಡುವ ಕೈಯನ್ನು ಎಂಜಲು ಮಾಡಿಕೊಳ್ಳಲು ಮನಸ್ಸಿಲ್ಲದೆ, ಒಂದು ಬಟ್ಟಲು ಸಾಂಬಾರು ಹಿಡಿದು ಸೀದಾ ನನ್ನ ಹತ್ತಿರ ಬರುತ್ತಿದ್ದರು.

"ಉಪ್ಪು ಹೇಗುಂಟು ನೋಡು ಮಾರಾಯ."

ನಾನು ನೋಡಿ ಹೇಳುತ್ತಿದ್ದೆ. ಅವರು ಒಳಗೆ ಹೋಗಿ ಅಷ್ಟನ್ನು ಸರಿಮಾಡುತ್ತಿದ್ದರು. ನಮ್ಮಿಬ್ಬರ ಸ್ನೇಹ ಎಂದರೆ ಇಷ್ಟೇ, ಆದರೆ ಇದು ದಿನವೂ ನಡೆಯುತ್ತಿತ್ತು.

ನಾನು ಮೀನು, ಮೊಟ್ಟೆ ತಿನ್ನುವ ಮನೆಯವನು. ಅದೇನೂ ಗುಟ್ಟಲ್ಲ. ಒಂದು ದಿನ ಬೆಳಿಗ್ಗೆ ಎದುರಿನ ಇರಾನಿ ಅಂಗಡಿಯಲ್ಲಿ ಆಮ್ಲೆಟ್ ಪಾವ್ ತಿಂದು ಬಂದವನು, ಏನೋ ಕೇಳಬೇಕೆಂದು ಯೋಚಿಸದೆ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲಿಟ್ಟೆ. ಭಟ್ಟರು ಸೌಟು ಎತ್ತಿ ಹಿಡಿದರು.

"ಮೊಟ್ಟೆ ತಿಂದು ಬಂದದ್ದಾ ನೀನು? ವಾಸನೆ ಇಲ್ಲಿವರೆಗೆ ಬರ್ತಾ ಉಂಟು. ಆಚೆ ನಿಲ್ಲು, ಆಚೆ!"

ಸಪ್ಲಾಯರುಗಳೆಲ್ಲ ನಕ್ಕರು. ಎರಡು ದಿನ ನನ್ನನ್ನು "ಮೊಟ್ಟೆ ಮೇನೇಜರ್" ಎಂದು ಕರೆದರು. ಇಂಗ್ಲಿಷ್ ಬಲ್ಲವನಿಗೆ ಇಂಥ ಮರ್ಯಾದೆ! ನಾನೂ ಅವರ ಜೊತೆ ನಗುವವನಂತೆ ನಟಿಸಿದೆ. ಒಳಗೆ ಮಾತ್ರ ಮೆಣಸಿನಕಾಯಿ ಅರೆದಂತಾಗಿತ್ತು.

ಅದೇ ವಾರ ಭಟ್ಟರ ಮೊಣಕಾಲು ನೋವು ಜೋರಾಯಿತು. ದಿನಕ್ಕೆ ಹದಿನಾಲ್ಕು ಗಂಟೆ ಕಲ್ಲುಹಾಸಿನ ಮೇಲೆ ನಿಲ್ಲುವ ಕಾಲು, ನೋಯದೆ ಏನು ಮಾಡೀತು. ನಮ್ಮ ಹೊಟೇಲಿಗೆ ಉಪ್ಪಿಟ್ಟು ತಿನ್ನಲು ಬರುತ್ತಿದ್ದ ಒಬ್ಬ ಮರಾಠಿ ಡಾಕ್ಟರರ ದವಾಖಾನೆ ಅದೇ ಬೀದಿಯಲ್ಲಿತ್ತು. ಭಟ್ಟರ ಹಿಂದಿ ತರಕಾರಿ ಮಾರ್ಕೆಟ್ಟಿಗೆ ಸಾಕಾಗುವಷ್ಟು ಮಾತ್ರ. ಆದ್ದರಿಂದ ಧಣಿಗಳು ನನ್ನನ್ನು ಜೊತೆಗೆ ಕಳಿಸಿದರು.

ಡಾಕ್ಟರು ಮೊಣಕಾಲು ಒತ್ತಿ ನೋಡಿದರು. ಹೊಟ್ಟೆಯ ವಿಷಯ ಕೇಳಿದರು. ಆಗಾಗ ಎದೆ ಉರಿ, ಹುಳಿತೇಗು ಉಂಟು ಎಂದು ಭಟ್ಟರು ಹೇಳಿದ್ದನ್ನು ನಾನು ದಾಟಿಸಿದೆ. ಡಾಕ್ಟರು ಸ್ವಲ್ಪ ಯೋಚಿಸಿ, ಬರಿಯ ಆಸ್ಪಿರಿನ್ ಇವರ ಹೊಟ್ಟೆಗೆ ಆಗದು, ಮೇಲೆ ಹೊದಿಕೆ ಇರುವಂಥದ್ದು ಈಗ ಬಂದಿದೆ, ಅದನ್ನು ಬರೆಯುತ್ತೇನೆ ಎಂದರು. ಆಮೇಲೆ ಬೆರಳು ಎತ್ತಿ ಭಟ್ಟರಿಗೇ ಹೇಳಿದರು:

"ತೋಡೂ ನಕಾ, ಚಾವೂ ನಕಾ. ಅಖ್ಖೀ ಗಿಳಾ."

ಮುರಿಯಬೇಡಿ, ಅಗಿಯಬೇಡಿ, ಇಡಿಯಾಗಿ ನುಂಗಿ. ಊಟದ ಮೇಲೆ, ತುಂಬ ನೀರಿನ ಜೊತೆ. ಹೊಟ್ಟೆ ಉರಿದರೆ ಸುಮ್ಮನಿರಬೇಡಿ, ನನಗೆ ಹೇಳಿ. ಕೊನೆಗೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಮಲ ಕಪ್ಪಾದರೆ ಆ ಕ್ಷಣವೇ ಮಾತ್ರೆ ನಿಲ್ಲಿಸಿ ಕರೆದುಕೊಂಡು ಬಾ ಎಂದರು. ಆ ಕೊನೆಯ ಮಾತನ್ನು ನಾನು ಭಟ್ಟರಿಗೆ ಹೇಳಲಿಲ್ಲ. ವಾಪಸು ಬರುವಾಗ ನಡುಬೀದಿಯಲ್ಲಿ, ಅಷ್ಟು ಮಡಿವಂತರಿಗೆ, ಅಂಥ ಮಾತನ್ನು ಹೇಗೆ ಹೇಳುವುದು ಎಂದು ಮುಜುಗರವಾಯಿತು. ಉಳಿದದ್ದನ್ನು ಹೇಳಿದೆ, ಅರೆಮನಸ್ಸಿನಿಂದ.

ಹೊಟೇಲಿಗೆ ಬಂದ ಮೇಲೆ ಭಟ್ಟರು, ದಾರಿಯ ಔಷಧಿ ಅಂಗಡಿಯಲ್ಲಿ ಕೊಂಡ ಬಾಟಲಿಯಿಂದ ಒಂದು ಮಾತ್ರೆ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಕಂದು ಹಳದಿ ಬಣ್ಣ, ಮೇಲೆ ಒಳ್ಳೆಯ ಮಿರುಗು. ಅಂಥದ್ದನ್ನು ಅವರು ಕಂಡಿರಲಿಲ್ಲ.

"ಇದು ಹೀಗೆ ಹೊಳೆಯುವುದು ಎಂತದರಿಂದ ಮಾರಾಯ? ಬಾಟ್ಲಿಯಲ್ಲಿ ಎಂತ ಬರ್ದುಂಟು, ಓದು ನೋಡುವಾ."

ಸಪ್ಲಾಯರುಗಳು ಸುತ್ತ ನಿಂತಿದ್ದರು. ನಾನು ಬಾಟಲಿ ತೆಗೆದುಕೊಂಡೆ. ಇಡಿಯಾಗಿ ನುಂಗಬೇಕು ಎಂದು ಅದರ ಮೇಲೆ ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಅಕ್ಷರಗಳ ಮೇಲೆ ಬೆರಳು ಎಳೆಯುತ್ತ, ಶಾಲೆಯಲ್ಲಿ ಪಾಠ ಓದುವವನಂತೆ ಹೇಳಿದೆ.

"ಮೊಟ್ಟೆಯ ಬಿಳಿ ಬಳಿದು ಒಣಗಿಸ್ತಾರಂತೆ ಭಟ್ರೇ. ಇಲ್ಲಿ ಬರ್ದುಂಟು ನೋಡಿ."

ಎಲ್ಲರೂ ಹೋ ಎಂದು ನಕ್ಕರು. ನನ್ನ ಲೆಕ್ಕ ಚುಕ್ತಾ ಆಯಿತು ಎಂದುಕೊಂಡೆ. ಭಟ್ಟರು ನಗಲಿಲ್ಲ. ಮಾತ್ರೆಯನ್ನು ಮೆಲ್ಲಗೆ ಬಾಟಲಿಗೆ ಹಾಕಿ, ಕೈ ತೊಳೆದುಕೊಂಡು ಬಂದರು. ಇನ್ನು ಇದನ್ನು ಅವರು ಮುಟ್ಟುವುದಿಲ್ಲ, ಎರಡು ದಿನ ಆಟ ಆಡಿಸಿ ಆಮೇಲೆ ನಿಜ ಹೇಳಿದರಾಯಿತು ಎಂದು ನಾನು ಕೌಂಟರಿಗೆ ಹೋದೆ.

ಆದರೆ ಭಟ್ಟರ ಮೊಣಕಾಲಿಗೆ ಎರಡು ದಿನ ಕಾಯುವ ತಾಳ್ಮೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಿನಿಂದ ಕಂಡದ್ದು ಇದು: ದೇವರ ಗೂಡಿನ ಕೆಳಗೆ ಗಂಧ ತೇಯುವ ಕಲ್ಲನ್ನಿಟ್ಟು, ನೀರು ಚಿಮುಕಿಸಿ, ಮಾತ್ರೆಯನ್ನು ಅದರ ಮೇಲೆ ಸುತ್ತಲೂ ಉಜ್ಜುತ್ತಿದ್ದಾರೆ. ಮಿರುಗೆಲ್ಲ ಹೋಗಿ ಒಳಗಿನ ಬಿಳಿ ಕಾಣುವವರೆಗೆ ಉಜ್ಜಿದರು. ಆಮೇಲೆ ಅದನ್ನು ನೀರಿನಲ್ಲಿ ತೊಳೆದು, ಪುಡಿಮಾಡಿ, ತೀರ್ಥದ ಜೊತೆ ಬಾಯಿಗೆ ಹಾಕಿಕೊಂಡರು. ಗಂಟೆ ಐದೂವರೆ. ಇನ್ನು ಅವರು ಊಟ ಮಾಡುವುದು ಹನ್ನೊಂದಕ್ಕೆ.

ನನ್ನನ್ನು ನೋಡಿ, "ಔಷಧಿಗೆ ದೋಷ ಇಲ್ಲ, ಸಿಪ್ಪೆಯದ್ದೇ ದೋಷ. ಸಿಪ್ಪೆ ತೆಗೆದ್ರೆ ಆಯ್ತಲ್ಲ" ಎಂದರು. ತಾವೇ ಒಂದು ಉಪಾಯ ಕಂಡುಹಿಡಿದ ಖುಷಿ ಮುಖದ ಮೇಲಿತ್ತು.

ಆಗ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ನಾನು ಮಾಡಿದ್ದೇನೆಂದರೆ, ಇಬ್ಬರು ಸಪ್ಲಾಯರುಗಳನ್ನು ಸನ್ನೆ ಮಾಡಿ ಕರೆದು ಆ ದೃಶ್ಯ ತೋರಿಸಿದೆ. ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೆಕ್ಕಿಗಾದರೂ ಹಸಿವು ಎಂಬ ನೆಪ ಉಂಟು.

ದಿನಕ್ಕೆ ಮೂರು ಮಾತ್ರೆ. ಮೂರಕ್ಕೂ ಅದೇ ವಿಧಿ. ಮೊಣಕಾಲು ಸ್ವಲ್ಪ ಸಡಿಲವಾಯಿತು, ಭಟ್ಟರು ಚುರುಕಾದರು. ನೋಡು, ಏನೂ ಆಗಲಿಲ್ಲ, ಎಲ್ಲ ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ವಾರ ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಲ್ಲತೊಡಗಿದರು. ಬಜ್ಜಿಗೆ ಹಾಕುವ ಅಡುಗೆ ಸೋಡಾವನ್ನು ಚಿಟಿಕೆ ತೆಗೆದು ನೀರಿಗೆ ಹಾಕಿ ಕುಡಿಯುತ್ತಿದ್ದರು. ಎಂತಾಯ್ತು ಭಟ್ರೇ ಎಂದರೆ, "ಎಂತ ಇಲ್ಲ, ಸ್ವಲ್ಪ ಉರಿ" ಎನ್ನುತ್ತಿದ್ದರು. ಮುಖ ಹಳೆಯ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

ನನಗೆ ಭಯವಾಯಿತು. ಹೇಳಬೇಕು ಎಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ, ಸಾಂಬಾರಿನ ಬಟ್ಟಲು ಹಿಡಿದು ಅವರು ಎದುರಿಗೆ ಬಂದಾಗ ಉಪ್ಪಿನ ಮಾತಷ್ಟೇ ಆಡಿ ಮುಗಿಸುತ್ತಿದ್ದೆ. ಹೇಳಿದರೆ ಭಟ್ಟರು ಧಣಿಗಳಿಗೆ ಹೇಳುತ್ತಾರೆ. ಧಣಿಗಳು ದೈವಭಕ್ತರು, ಬ್ರಾಹ್ಮಣನ ಮಡಿಯ ಮೇಲೆ ಇಂಥ ತಮಾಷೆಯನ್ನು ಕ್ಷಮಿಸುವವರಲ್ಲ. ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಓದಿ ಹೇಳುವವನು ಸುಳ್ಳು ಓದಿದ ಎಂದಾದರೆ ಆ ಹೊಟೇಲಿನಲ್ಲಿ ನಾನು ಯಾರು? ಒಬ್ಬರ ಹೊಟ್ಟೆಗಿಂತ ನನಗೆ ನನ್ನ ಇಂಗ್ಲಿಷ್ ದೊಡ್ಡದಾಗಿತ್ತು.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಒಳಗಿನಿಂದ ದೊಡ್ಡ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಭಟ್ಟರು ರುಬ್ಬುವ ಕಲ್ಲಿಗೆ ಒರಗಿ ಕುಳಿತಿದ್ದರು. ನೆಲದ ಮೇಲೆ ವಾಂತಿ, ಕಾಫಿಯ ಗಸಿಯ ಹಾಗೆ ಕಪ್ಪಗೆ, ತರಿತರಿಯಾಗಿ. "ಖಾಲಿ ಹೊಟ್ಟೆಗೆ ಕಾಫಿ ಕುಡಿದಿರ್ಬೇಕು" ಎಂದ ಒಬ್ಬ ಸಪ್ಲಾಯರ್. ಅವತ್ತು ಏಕಾದಶಿ. ಭಟ್ಟರು ತೀರ್ಥ ಬಿಟ್ಟರೆ ಏನನ್ನೂ ಮುಟ್ಟಿರಲಿಲ್ಲ. ತೀರ್ಥ ಮತ್ತು ಮಾತ್ರೆ.

ಟ್ಯಾಕ್ಸಿಯಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆವು. ನನ್ನ ಹೆಗಲಿಗೆ ತಲೆಯಿಟ್ಟು ಅವರು, "ಮೈಲಿಗೆ ಆಯ್ತು ಮಾರಾಯ, ಅಡುಗೆಮನೆ ತೊಳೆಸು" ಎಂದು ಎರಡು ಸಲ ಹೇಳಿದರು. ಅವರ ಕೈ ಮಂಜುಗಡ್ಡೆಯಾಗಿತ್ತು. ದೇವರೇ, ಇವರು ಬದುಕಿದರೆ ಎಲ್ಲ ಹೇಳಿಬಿಡುತ್ತೇನೆ ಎಂದು ಹರಕೆ ಹೊತ್ತೆ. ಆ ಹರಕೆ ಅರ್ಧ ಗಂಟೆಯೂ ಉಳಿಯಲಿಲ್ಲ.

ಆಸ್ಪತ್ರೆಯ ಡಾಕ್ಟರು ಚಿಕ್ಕ ಪ್ರಾಯದವರು, ಇಂಗ್ಲಿಷಿನಲ್ಲೇ ಕೇಳಿದರು. ಮಲ ಯಾವಾಗಿನಿಂದ ಕಪ್ಪು? ಭಟ್ಟರು ನಾಚಿಕೆಯಿಂದ ಕಣ್ಣುಮುಚ್ಚಿ, "ಎಂಟು ಹತ್ತು ದಿವಸ ಆಯ್ತು. ಅದನ್ನೆಲ್ಲ ಹೇಗೆ ಹೇಳುವುದು" ಎಂದರು. ಯಾವ ಔಷಧಿ? ನಾನು ಬಾಟಲಿ ಕೊಟ್ಟೆ. ಇದು ಹೊದಿಕೆಯದ್ದು, ಇಡಿಯಾಗಿ ನುಂಗಿದ್ದಾರೋ? ನಾನು ಭಟ್ಟರನ್ನು ಕೇಳಿದೆ. ಕೇಳುವ ಅಗತ್ಯವೇನಿತ್ತು!

"ಹೇಳು ಅವರಿಗೆ, ಮೇಲಿನ ಮೊಟ್ಟೆ ತೆಗೆದು ತಿಂದೆ ಅಂತ. ಅದು ತಪ್ಪಾಯ್ತಾ ಕೇಳು."

ಡಾಕ್ಟರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಹೊದಿಕೆ ಕೆರೆದು ತೆಗೆದು, ಖಾಲಿ ಹೊಟ್ಟೆಗೆ ತಿಂದಿದ್ದಾರೆ. ಅನಕ್ಷರಸ್ಥರು ಡಾಕ್ಟರ್. ನಾನು ಎಲ್ಲ ಸರಿಯಾಗಿ ಹೇಳಿದ್ದೆ, ಕೇಳಲಿಲ್ಲ."

ದಿನವೂ ಪಂಚಾಂಗ ಓದುವ ಮನುಷ್ಯನನ್ನು, ಅವರ ಮಂಚದ ಪಕ್ಕದಲ್ಲೇ ನಿಂತು, ಅವರಿಗೆ ತಿಳಿಯದ ಭಾಷೆಯಲ್ಲಿ ಅನಕ್ಷರಸ್ಥ ಎಂದೆ. ಡಾಕ್ಟರಿಗೆ ಸಿಟ್ಟು ಬಂತು. ನಿಮ್ಮಂಥ ಮೂಢರಿಂದಲೇ ನಮ್ಮ ವಾರ್ಡು ತುಂಬುವುದು ಎಂಬ ಅರ್ಥದಲ್ಲಿ ಭಟ್ಟರನ್ನು ಗದರಿದರು. ಭಟ್ಟರು ಯಾಕೆಂದು ತಿಳಿಯದೆ, ಮಲಗಿದಲ್ಲಿಂದಲೇ ಕೈ ಮುಗಿದರು. ಬೇರೆಯವರಿಗೆ ನಾನು ಮಾಡಿದ ಕೆಡುಕು ಎಷ್ಟೋ ಇರಬಹುದು. ಆ ಮುಗಿದ ಕೈ ನೆನಪಾದಾಗ ಮಾತ್ರ ನನಗೆ ಇಂದಿಗೂ ಎದ್ದು ಎಲ್ಲಾದರೂ ಹೋಗಿಬಿಡಬೇಕು ಅನ್ನಿಸುತ್ತದೆ.

ಆಮೇಲೆ ಡಾಕ್ಟರು ನನ್ನನ್ನು, ಅಂದರೆ ತಿಳಿವಳಿಕೆಯುಳ್ಳವನನ್ನು, ಪಕ್ಕಕ್ಕೆ ಕರೆದು ವಿವರಿಸಿದರು. ಆ ಹೊದಿಕೆ ಅಂದಕ್ಕಲ್ಲ. ಮಾತ್ರೆ ಜಠರದಲ್ಲಿ ಕರಗದೆ ಮುಂದೆ ಕರುಳಿಗೆ ಹೋಗಿ ಕರಗಲಿ ಎಂದು ಹಾಕಿದ್ದು. ಅದನ್ನು ತೆಗೆದರೆ, ಪುಡಿಮಾಡಿದರೆ, ಬರಿಯ ಆಸ್ಪಿರಿನ್ ಖಾಲಿ ಹೊಟ್ಟೆಯ ಗೋಡೆಯನ್ನೇ ಕೊರೆಯುತ್ತದೆ. ಒಳಗೆ ರಕ್ತ ಸೋರುತ್ತದೆ, ವಾಂತಿಯೂ ಮಲವೂ ಕಪ್ಪಾಗುವುದು ಅದರಿಂದಲೇ. ಉರಿಗೆ ಸೋಡಾ ಕುಡಿಯುವುದೂ ಉಪಾಯವಲ್ಲ. ಹೊದಿಕೆ ಇದ್ದ ಮಾತ್ರೆಯಾದರೂ ಸೋಡಾ ಕುಡಿದರೆ ಆ ಹೊದಿಕೆ ಜಠರದಲ್ಲೇ ಕಳಚಿಹೋಗುತ್ತದೆ. ಹೊದಿಕೆ ಇದೆಯೆಂದು ಪೂರ್ತಿ ನಿರ್ಭಯವೂ ಅಲ್ಲ, ಇಂಥ ಹೊಟ್ಟೆಯವರ ಮೇಲೆ ಕಣ್ಣಿಟ್ಟಿರಬೇಕು, ಮಲ ಕಪ್ಪಾದ ದಿನವೇ ಓಡಿ ಬರಬೇಕಿತ್ತು ಎಂದರು. ನಾನು ತಲೆಯಾಡಿಸುತ್ತ ಕೇಳಿದೆ, ಎಲ್ಲ ಹೊಸ ವಿಷಯ ಎಂಬಂತೆ.

ಭಟ್ಟರು ಬದುಕಿದರು. ರಕ್ತ ಕೊಡಬೇಕಾಯಿತು. ಗಂಟೆಗಂಟೆಗೆ ಹಾಲು ಕುಡಿಸಿ ಎರಡು ವಾರ ಇಟ್ಟುಕೊಂಡರು. ನಾನು ದಿನವೂ ಲೋಕಲ್ ಹಿಡಿದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಎಂಥ ಒಳ್ಳೆಯ ಮನುಷ್ಯ, ಸ್ವಂತ ಮಗನ ಹಾಗೆ ನೋಡಿಕೊಳ್ಳುತ್ತಾನೆ ಎಂದು ಧಣಿಗಳು ನಾಲ್ಕು ಜನರ ಮುಂದೆ ಹೇಳಿದರು. ಆ ಹೊಗಳಿಕೆಯನ್ನೂ ಬೇಡ ಎನ್ನಲಿಲ್ಲ.

ಬಿಡುಗಡೆಯ ದಿನ ಡಾಕ್ಟರು ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದುಕೊಟ್ಟರು: ಇನ್ನು ಮುಂದೆ ಆಸ್ಪಿರಿನ್ ಯಾವ ರೂಪದಲ್ಲೂ ಕೂಡದು. ಈ ಸಲ ನಾನು ಅಕ್ಷರಕ್ಷರ ಸರಿಯಾಗಿ ಓದಿ ಹೇಳಿದೆ. ಭಟ್ಟರು ಕೇಳಿಕೊಂಡರು. ಹೊಟೇಲಿಗೆ ಮರಳಿ ಒಂದು ವಾರ ಆಗುವಷ್ಟರಲ್ಲಿ ಮೊಣಕಾಲು ಮತ್ತೆ ಊದಿಕೊಂಡಿತು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅವರು ಕುಂಟುತ್ತ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

"ಅಲ್ಲ ಮಾರಾಯ, ನಂಗೆ ಆಗದ್ದು ಆ ಮೊಟ್ಟೆ ಅಲ್ವಾ? ಎಷ್ಟು ತೊಳೆದ್ರೂ ಸ್ವಲ್ಪ ಒಳಗೆ ಹೋಗಿರ್ಬೇಕು. ದೇವರು ಅದಕ್ಕೇ ಶಿಕ್ಷೆ ಕೊಟ್ಟದ್ದು. ಮೊಟ್ಟೆ ಇಲ್ಲದ ಬಿಳಿ ಗುಳಿಗೆ ಅಂಗಡಿಯಲ್ಲಿ ಸಿಗ್ತದಂತೆ. ಅದನ್ನು ತರಿಸುವಾ?"

ನಾನು ಸುಮ್ಮನಿದ್ದರೆ ಅವರು ನಾಳೆಯೇ ಬರಿಯ ಆಸ್ಪಿರಿನ್ ನುಂಗುತ್ತಾರೆ, ಈ ಸಲ ಹೊಟೇಲಿಗೆ ಹಿಂದಿರುಗುವುದಿಲ್ಲ. ಧೈರ್ಯದಿಂದ ಹೇಳಿದೆ ಎಂದು ಬರೆದರೆ ಅದೂ ಸುಳ್ಳೇ. ಬೇರೆ ದಾರಿ ಉಳಿಯಲಿಲ್ಲ, ಹೇಳಿದೆ.

"ಮೊಟ್ಟೆ ಇರ್ಲಿಲ್ಲ ಭಟ್ರೇ. ಬಾಟ್ಲಿಯಲ್ಲಿ ಹಾಗೆ ಬರ್ದಿರ್ಲಿಲ್ಲ. ನೀವು ನನ್ನನ್ನು ಹೊಸ್ತಿಲಿನಿಂದ ಆಚೆ ನಿಲ್ಸಿದ್ದಕ್ಕೆ ತಮಾಷೆ ಮಾಡಿದ್ದು ನಾನು. ಸಿಪ್ಪೆ ತೆಗೆದದ್ದರಿಂದಲೇ ನಿಮ್ಗೆ ಹೀಗಾದದ್ದು. ಬಿಳಿ ಗುಳಿಗೆಯೂ ಅದೇ ವಿಷ. ದಮ್ಮಯ್ಯ, ಮುಟ್ಬೇಡಿ."

ಬೈಯುತ್ತಾರೆ ಎಂದುಕೊಂಡೆ. ಸೌಟು ತಂದು ಹೊಡೆದರೂ ಸರಿ ಎಂದುಕೊಂಡೆ. ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು, ಆ ಮಾತ್ರೆ ಇನ್ನೂ ಅಲ್ಲಿ ಇದೆಯೇನೋ ಎಂಬಂತೆ.

"ಹಾಗಾದ್ರೆ ದಿನಾ ತೇಯ್ದು ತೆಗೆದದ್ದು ಎಂತದನ್ನು ನಾನು?"

"ನಿಮ್ಮ ಹೊಟ್ಟೆ ಕಾಯ್ಲಿಕ್ಕೆ ಹಾಕಿದ್ದನ್ನು" ಎಂದೆ.

ಆಮೇಲೆ ಭಟ್ಟರು ನಾನು ಎಣಿಸದಿದ್ದ ಪ್ರಶ್ನೆ ಕೇಳಿದರು.

"ಆಸ್ಪತ್ರೆಯಲ್ಲಿ ಡಾಕ್ಟ್ರು ನಂಗೆ ಬೈದ್ರಲ್ಲ, ಅದಕ್ಕೆ ಮೊದಲು ನೀನು ಇಂಗ್ಲಿಷಿನಲ್ಲಿ ಎಂತ ಹೇಳಿದ್ದು?"

ಅದನ್ನೂ ಹೇಳಿದೆ. ದಿನವೂ ಪಂಚಾಂಗ ಓದುವವನು ನಾನು ಎಂದು ಅವರು ವಾದಿಸಲಿಲ್ಲ. ಮೊಣಕಾಲಿಗೆ ಕೈಯೂರಿ ಮೆಲ್ಲಗೆ ಎದ್ದು, "ಉದ್ದು ನೆನೆ ಹಾಕ್ಲಿಕ್ಕೆ ಹೊತ್ತಾಯ್ತು" ಎಂದು ಒಳಗೆ ಹೋದರು. ಧಣಿಗಳಿಗೆ ಹೇಳಲಿಲ್ಲ. ಒಬ್ಬರಿಗೂ ಹೇಳಲಿಲ್ಲ. ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕೆಲವು ದಿನಗಳ ಮೇಲೆ ಬೀದಿಯ ಡಾಕ್ಟರು ಅವರಿಗೆ ಮೊಣಕಾಲಿಗೆ ತಿಕ್ಕುವ ಒಂದು ಎಣ್ಣೆ ಕೊಟ್ಟರು. ಬಾಟಲಿ ಹಿಡಿದು ಭಟ್ಟರು ಒಳಗೆ ಬಂದರು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವರು ಕೌಂಟರನ್ನು ದಾಟಿ, ಮೂಲೆಯ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದ ಕನ್ನಡ ಶಾಲೆಯ ಮೇಷ್ಟರ ಹತ್ತಿರ ಹೋದರು. ಮೇಷ್ಟರು ಓದಿ ಹೇಳಿದರು: ಮೈಮೇಲೆ ಹಚ್ಚಲು ಮಾತ್ರ, ಹೊಟ್ಟೆಗೆ ಅಲ್ಲ. ಭಟ್ಟರು ತಲೆಯಾಡಿಸಿ, ಬಾಟಲಿ ತೆಗೆದುಕೊಂಡು, ಪಕ್ಕದ ಮೇಜಿನಲ್ಲಿದ್ದ ಮೈಸೂರು ಕಡೆಯ ಗುಮಾಸ್ತರ ಮುಂದೆ ಹಿಡಿದರು.

"ಈಗ ತಾನೇ ಮೇಷ್ಟ್ರು ಓದಿದ್ರಲ್ಲ ಭಟ್ರೇ" ಎಂದು ಗುಮಾಸ್ತರು ನಕ್ಕರು.

"ಇರ್ಲಿ, ನೀವೂ ಒಮ್ಮೆ ಓದಿ."

ಆಮೇಲೆ ನಾನು ಅಲ್ಲಿದ್ದ ಎರಡು ವರ್ಷವೂ ಅದು ಹಾಗೆಯೇ ನಡೆಯಿತು. ತಂತಿಯಾಗಲಿ, ಔಷಧಿಯಾಗಲಿ, ಇಬ್ಬರ ಹತ್ತಿರ ಓದಿಸದೆ ಅವರು ನಂಬಲಿಲ್ಲ. ಆ ಇಬ್ಬರಲ್ಲಿ ನಾನು ಎಂದೂ ಇರಲಿಲ್ಲ.

ಎಣ್ಣೆ ಬಂದ ಮಾರನೆಯ ಬೆಳಿಗ್ಗೆ ಎಂದಿನಂತೆ ಸಾಂಬಾರಿನ ಬಟ್ಟಲು ಕೌಂಟರಿಗೆ ಬಂತು.

"ಉಪ್ಪು ಹೇಗುಂಟು ನೋಡಿ" ಎಂದರು. ಮಾರಾಯ ಎನ್ನಲಿಲ್ಲ.

ನಾಲಿಗೆಗೆ ಹಚ್ಚಿ ನೋಡಿ, "ಸ್ವಲ್ಪ ಕಡ್ಮೆ ಉಂಟು ಭಟ್ರೇ" ಎಂದೆ. ಅವರು ಬೇರೆ ಯಾರನ್ನೂ ಕೇಳದೆ ಒಳಗೆ ಹೋಗಿ ಒಂದು ಹಿಡಿ ಉಪ್ಪು ಹಾಕಿದರು. ನನ್ನ ನಾಲಿಗೆಯನ್ನು ಅವರು ಅಷ್ಟಕ್ಕೆ ಇನ್ನೂ ನಂಬುತ್ತಿದ್ದರು.